ಅರ್ಧ ಮುಖದ ನಗು

ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಕಾಲು ಪೆಡಲಿನ ಮೇಲೆ, ಕಿವಿ ಕುಕ್ಕರಿನ ಮೇಲೆ. ಒಂದು ದಿನ ಎಡಗಣ್ಣಿನ ರೆಪ್ಪೆ ಅದುರತೊಡಗಿತು. ಬರಬರುತ್ತಾ ಕೆನ್ನೆಯೂ ಬಾಯಿಯ ಕೊನೆಯೂ ಸೆಳೆದು ಕಣ್ಣು ಮುಚ್ಚಿಯೇ ಹೋಗುತ್ತಿತ್ತು. ಗಿರಾಕಿಗಳು ಕಣ್ಣು ಹೊಡೆದಳು ಅಂದುಕೊಂಡರು. ಅತ್ತೆ, ತನ್ನನ್ನೇ ಅಣಕಿಸುತ್ತಾಳೆ ಅಂದುಕೊಂಡಳು. ಕಣ್ಣು ಮುಚ್ಚಿದ ಗಳಿಗೆಯಲ್ಲಿ ಸೂಜಿ ಬೆರಳಿಗಿಳಿದ ದಿನ ಅವಳು ಯಂತ್ರಕ್ಕೆ ಬಟ್ಟೆ ಹೊದಿಸಿ ಒಬ್ಬಳೇ ಆಸ್ಪತ್ರೆಗೆ ಹೋದಳು.

ರಕ್ತನಾಳವೊಂದು ಮುಖದ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರಮ್ಮ. ಬೊಟಾಕ್ಸ್ ಇಂಜೆಕ್ಷನ್ ಕೊಟ್ಟರೆ ಸ್ನಾಯು ಸಡಿಲವಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಚುಚ್ಚಬೇಕು.

"ಸಿನಿಮಾದೋರು ಸುಕ್ಕು ಹೋಗ್ಲಿ ಅಂತ ಹಾಕಿಸ್ಕೊಳ್ಳೋ ವಿಷ ಅಲ್ವೇನೇ ಅದು?" ಎಂದ ಗಂಡ.

"ಈ ವಯಸ್ಸಲ್ಲಿ ಸಿಂಗಾರ ಬೇರೆ ಕೇಡು," ಎಂದಳು ಅತ್ತೆ.

ಚುಚ್ಚಿಸಿಕೊಂಡಳು. ವಾರ ಕಳೆಯುವುದರೊಳಗೆ ಕಣ್ಣು ಹತೋಟಿಗೆ ಬಂತು, ಹೊಲಿಗೆ ನೆಟ್ಟಗಾಯಿತು. ಆದರೆ ಎಡಗೆನ್ನೆ ತುಸು ಹೆಚ್ಚೇ ಸಡಿಲಗೊಂಡು, ನಕ್ಕರೆ ಬಲಗಡೆ ಮಾತ್ರ ನಗುತ್ತಿತ್ತು. ಮುಖ ಅದುರುವಾಗ ಡಾಕ್ಟರಿಗೆ ತೋರಿಸು ಎನ್ನದವರಿಗೆ ಈಗ ಆ ಮುಖದ್ದೇ ಚಿಂತೆ. ತನ್ನ ಆಫೀಸಿನವರು ಮನೆಗೆ ಬಂದು ಊಟ ಮಾಡಿ ಹೋದ ಮೇಲೆ ಗಂಡ ಸಿಡುಕಿದ:

"ಮುಖ ಗಂಟು ಹಾಕ್ಕೊಂಡು ಬಡಿಸ್ತಿದ್ಯಲ್ಲ, ಅವ್ರೇನು ಅಂದ್ಕೊಂಡ್ರೋ!"

"ಏನೂ ಅಂದ್ಕೊಂಡಿಲ್ಲ ಕಣ್ರೀ. ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರು."

ಮೊದಲ ಸಲ ಪುರಸೊತ್ತಿಲ್ಲ ಎಂದವನು ಎರಡನೆಯ ಇಂಜೆಕ್ಷನ್ನಿಗೆ ರಜೆ ಹಾಕಿ ಬಂದ. "ಡಾಕ್ಟ್ರೇ, ಇವಳ ನಗು ವಾಪಸ್ ಬರೋ ಹಾಗೆ ಏನಾದ್ರೂ ಮಾಡಿ. ಮನೆಗೆ ನಾಲ್ಕು ಜನ ಬಂದುಹೋಗ್ತಾರೆ."

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಕೆನ್ನೆಗೆ ಕಡಿಮೆ ಹಾಕಿದ್ರೆ ನಗು ಸರಿಹೋಗಬಹುದು. ಆದ್ರೆ ಸೆಳೆತ ಮತ್ತೆ ಶುರುವಾಗಿ ಕಣ್ಣನ್ನೂ ಎಳೀಬಹುದು. ನಿಮಗೇನು ಬೇಕು?"

ನಿಮಗೇನು ಬೇಕು ಎಂದು ಕೇಳುವುದು ಅವಳ ಕೆಲಸವಾಗಿತ್ತು, ಅದೂ ಸೌಟು ಹಿಡಿದು. ಅವಳನ್ನೇ ಕೇಳಿದವರು ಯಾರೂ ನೆನಪಾಗಲಿಲ್ಲ.

"ಹೋದ ಸಲದ ಹಾಗೇ ಹಾಕಿ ಮೇಡಂ. ಮನೇಲಿ ನಗೋ ಕೆಲಸ ಇವ್ರು ನೋಡ್ಕೋತಾರೆ."

ಮುಂದಿನ ಸಲ ಆಫೀಸಿನವರು ಬಂದಾಗ ಅವಳ ಕೈಯಲ್ಲಿ ಗಿರಾಕಿಯ ಅವಸರದ ಕೋಟಿತ್ತು. ತಟ್ಟೆ ಲೋಟ ಹಿಡಿದು ಹಲ್ಲುಕಿರಿಯುತ್ತ ಓಡಾಡಿದ್ದು ಗಂಡ. ಇನ್ನೊಂದು ಸುತ್ತು ಚಹಾಕ್ಕೆ ನೀರಿಡಲು ಒಳಗೆ ಬಂದವನು ಯಂತ್ರದ ಪಕ್ಕ ನಿಂತು ದವಡೆ ನೀವಿಕೊಂಡ.

"ಥೂ, ಕೆನ್ನೆಯೆಲ್ಲ ನೋವು. ಯಾವಾಗ ಎದ್ದು ಹೋಗ್ತಾರೇ ಇವ್ರು?"

"ಹೋಗಿ ಕೇಳಿ," ಎಂದಳು ಅವಳು, ಹೊಲಿಗೆಯಿಂದ ಕಣ್ಣು ಕೀಳದೆ. "ನಗ್ತಾ ಕೇಳಿ."