ಸತ್ತ ಸುಣ್ಣವೂ ನಮ್ಮವ್ವನೂ

ಹೋದ ಮಂಗಳವಾರ ನನ್ನ ಎಂ.ಎಸ್ಸಿ. ಕೆಮಿಸ್ಟ್ರಿಯ ಮಾನ ಹೋಯಿತು. ಕಳೆದದ್ದು ಯಾರು ಗೊತ್ತೇ? ಒಂದು ಚೀಲ ಸುಣ್ಣ!

ಜೀಡಿಮೆಟ್ಲಾದ ಕಾರ್ಖಾನೆಗಳ ನಡುವಿನ ಸಣ್ಣ ಲ್ಯಾಬೊಂದರಲ್ಲಿ ಕೊಳಕು ನೀರು ಶುದ್ಧ ಮಾಡುವುದು ನನ್ನ ಕೆಲಸ. ಈ ಸಲ ಬಂದದ್ದು ಗಣಿಯ ನೀರು. ಹುಳಿ ಹುಳಿ, ಒಳಗೆ ಕರಗಿದ ಕಬ್ಬಿಣ, ತಾಮ್ರ, ಸತು. (ರುಚಿ ನೋಡಿಲ್ಲ, ಮೀಟರ್ ಹೇಳಿದ್ದು.) ಸುಣ್ಣ ಬೆರೆಸಿದರೆ ಹುಳಿ ಮುರಿದು, ಲೋಹವೆಲ್ಲ ಕೆಸರಾಗಿ ತಳಕ್ಕಿಳಿಯಬೇಕು. ಗುರುವಾರ ಗಣಿಯವರ ಮುಂದೆ ಡೆಮೊ. ಫೇಲಾದರೆ ಕೆಲಸ ಬೇರೆ ಲ್ಯಾಬಿಗೆ. ನಾನು ಒಬ್ಬಳೇ ಹೊತ್ತುಕೊಂಡ ಮೊದಲ ಪ್ರಾಜೆಕ್ಟ್ ಅದು.

ಸುಣ್ಣಕ್ಕೆ ನೀರು ಬೆರೆಸಿ ಹಾಕಿದೆ. ಒಂಬತ್ತು ದಾಟಬೇಕಿದ್ದ ಪಿಎಚ್ ಆರರ ಹತ್ತಿರ ಬಂದು ಕೂತಿತು. ಇನ್ನಷ್ಟು ಹಾಕಿದೆ. ಜಪ್ಪಯ್ಯ ಅಂದರೂ ಮೇಲೇರಲಿಲ್ಲ. ಮೀಟರ್ ಬದಲಿಸಿದೆ, ಪಕ್ಕದವರನ್ನು ಬೈದೆ.

ಸಂಜೆ ಮೆಹದಿಪಟ್ಟಣಂನ ಮನೆಗೆ ಬಂದು ಮುಖ ಊದಿಸಿಕೊಂಡು ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು, "ನೀರ್ ಹಾಕಿದಾಗ ಸುಣ್ಣ ಕುದೀತೇನು?"

"ಇಲ್ಲವ್ವ. ತಣ್ಣಗೇ ಇತ್ತು."

"ಚೀಲದ ಬಾಯಿ?"

"ಭಾಳ ದಿನದಿಂದ ಬಿಚ್ಚೇ ಐತಿ."

"ಮತ್ತ! ಗಾಳಿ ಕುಡದು ಸುಣ್ಣ ಸತ್ತೈತಿ. ಸತ್ತ ಸುಣ್ಣ ಗ್ವಾಡಿಗೇ ಹತ್ತಂಗಿಲ್ಲ, ನಿನ್ನ ನೀರಿಗೇನು ಮಾಡತೈತಿ?"

ಯಾದಗಿರಿ ಕಡೆಯಿಂದ ಈ ಊರಿಗೆ ಬಂದ ನಮ್ಮವ್ವ ಇಪ್ಪತ್ತು ವರ್ಷ ಕಂಡವರ ಗೋಡೆಗಳಿಗೆ ಸುಣ್ಣ ಹೊಡೆದವಳು. ಗಾಳಿಗೆ ಸುಣ್ಣ ಕೆಡುತ್ತದೆ ಅಂತ ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೇನೆ. ಚೀಲದ ಬಾಯಿ ನೋಡುವ ಬುದ್ಧಿ ಬರಲಿಲ್ಲ, ಅಷ್ಟೇ.

ಬುಧವಾರ ಅವಳೇ ತನಗೆ ಗೊತ್ತಿದ್ದ ಅಂಗಡಿಗೆ ಬಂದು ಗಟ್ಟಿ ಸುಣ್ಣದ ಹೆಂಟೆ ಆರಿಸಿಕೊಟ್ಟಳು. ನೀರು ಬೀಳುತ್ತಲೇ ಡ್ರಮ್ಮು ಕೊತಕೊತ ಕುದಿಯಿತು. ಗುರುವಾರ ಗಣಿಯವರ ಎದುರಿಗೆ ಪಿಎಚ್ ಒಂಬತ್ತು ದಾಟಿತು. ಕಂದು ಕೆಸರು ತಳ ಸೇರಿತು, ಮೇಲೆ ತಿಳಿನೀರು. (ಆ ಕೆಸರನ್ನು ಮೋರಿಗೆ ಸುರಿಯುವಂತಿಲ್ಲ, ಜೋಪಾನವಾಗಿ ಬೇರೆ ಇಡಬೇಕು.)

ಮೊದಲ ಸುಣ್ಣ ಕೈಕೊಟ್ಟ ಕತೆಯನ್ನೂ ಮುಚ್ಚಿಡದೆ ಹೇಳಿದೆ. "ಪತ್ತೆ ಹಚ್ಚಿದ ಕನ್ಸಲ್ಟೆಂಟ್ ಕೌನ್ ಹೈ?" ಅಂದರು ಗಣಿಯ ಸಾಹೇಬರು.

ಸ್ಕೂಲಿನಿಂದ ಆಫೀಸಿನವರೆಗೆ ಪ್ರತಿ ಫಾರಂನಲ್ಲೂ ತಾಯಿಯ ಕೆಲಸ 'ಹೌಸ್‌ವೈಫ್' ಅಂತ ಬರೆದವಳು ನಾನು. ಅವತ್ತು ಎದೆಯುಬ್ಬಿಸಿ ಹೇಳಿದೆ: ನಮ್ಮ ತಾಯಿ, ಸುಣ್ಣ ಹೊಡೆಯುವವಳು. ಅಷ್ಟು ಹೆಮ್ಮೆ ನನಗೆ ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಅಂದಹಾಗೆ, ತಾಯಿಯ ಕೆಲಸ ಅನ್ನುವ ಜಾಗದಲ್ಲಿ ನೀವೇನು ಬರೆದಿದ್ದೀರಿ?