ಬೆಳಗಿನ ಸಾಲಿನಲ್ಲಿ ಹಲ್ಲು ನೋಡುವ ದಾನೇಶ್ವರಿ

ಬೆಳಗಿನ ಐದು ಗಂಟೆ. ಕುರ್ಲಾದ ಚಾಳೊಂದರ ಸಾರ್ವಜನಿಕ ಸಂಡಾಸಿನ ಮುಂದೆ ಹೆಂಗಸರ ಸಾಲು ಗೋಡೆಯ ತಿರುವಿನವರೆಗೂ ಬೆಳೆದಿದೆ. ನಲವತ್ತಾರರ ದಾನೇಶ್ವರಿ ಮೊಬೈಲಿನ ಟಾರ್ಚ್ ಹಚ್ಚಿ, ಎದುರಿಗಿದ್ದವಳಿಗೆ ಒಂದೇ ಮಾತು ಹೇಳುತ್ತಾರೆ: "ಬಾಯಿ ತೆರಿ."

ದಾನೇಶ್ವರಿ ಹಲ್ಲಿನ ವೈದ್ಯೆಯಲ್ಲ, ಪಾಲಿಕೆಯ ಆರೋಗ್ಯ ಸೇವಿಕೆ. ನಾನೂರ ಹದಿನೆಂಟು ಮನೆಗಳ ಹೊಣೆ, ದಿನಕ್ಕೆ ಮೂವತ್ತು ಬಾಗಿಲು. ಆದರೆ ಮನೆಯಲ್ಲಿ ಗಂಡ, ಅತ್ತೆ ಇರುತ್ತಾರೆ. ಮುಟ್ಟಿನ ಮಾತು ಹೊರಬೀಳುವುದು ಈ ಸಾಲಿನಲ್ಲೇ. ಶ್ರಾವಣ ಬಂದರೆ, ಮದುವೆ ಗೊತ್ತಾದರೆ, ಗರ್ಭನಿರೋಧಕ ಗುಳಿಗೆಗಳು ಇಲ್ಲಿ ಕೈಯಿಂದ ಕೈಗೆ ದಾಟುತ್ತವೆ. ಪೂಜೆಯ ದಿನ ಹೊರಗೆ ಕೂರುವುದು ತಪ್ಪಲಿ, ಮುಟ್ಟು ನಾಲ್ಕು ದಿನ ಮುಂದೆ ಹೋಗಲಿ ಎಂಬುದಷ್ಟೇ ಆಸೆ.

"ಗುಳಿಗಿ ಕೆಟ್ಟದ್ದಲ್ರಿ. ಡಾಕ್ಟರ್ ನೋಡಿ ಕೊಟ್ರ ಭಾಳ ಮಂದಿಗೆ ಏನೂ ಆಗಂಗಿಲ್ಲ. ಬಾಜೂ ಮನಿಯಾಕಿ ಕೊಟ್ಟಿದ್ದು ನುಂಗೋದು ಕೆಟ್ಟದ್ದು," ಎನ್ನುತ್ತಾರೆ ದಾನೇಶ್ವರಿ.

ಇದು ಸ್ವತಃ ಅನುಭವಿಸಿ ಕಲಿತ ಪಾಠ. ಯಾದಗಿರಿಯಿಂದ ಬಂದು ಇಟ್ಟಿಗೆ ಹೊರುತ್ತಿದ್ದ ಕಾಲದಲ್ಲಿ, ನಾದಿನಿಯ ಮದುವೆಗೆಂದು ಅವರೂ ಎರವಲು ಗುಳಿಗೆ ನುಂಗಿದ್ದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಹನ್ನೊಂದು ದಿನ ಆಸ್ಪತ್ರೆ. "ತಂಬಾಕು ತಿಂತೀಯೇನು ಅಂದ್ರು ಡಾಕ್ಟರ್. ಇಲ್ಲ ಅಂದೆ. ದಿನಾ ಮಿಶ್ರಿ ಹಚ್ಚಿ ಹಲ್ಲು ತಿಕ್ತಿದ್ದೆ. ಹಲ್ಲಿನ ಪುಡಿ ತಂಬಾಕು ಹೆಂಗ ಆಗ್ತೈತಿ ಅಂತ ನನ್ನ ಶಾಣ್ಯಾತನ!" ಮಿಶ್ರಿಯೆಂದರೆ ಹುರಿದು ಪುಡಿಮಾಡಿದ ತಂಬಾಕೇ; ತಂಬಾಕಿನ ಚಟ, ರಕ್ತದೊತ್ತಡ ಇದ್ದವರಿಗೆ ಈ ಗುಳಿಗೆಯ ಅಪಾಯ ಹೆಚ್ಚು. ಅಂದಿನಿಂದ ಅವರು ಕೇಳುವುದರ ಜೊತೆಗೆ ನೋಡುವುದನ್ನೂ ಕಲಿತಿದ್ದಾರೆ.

ಕಳೆದ ತಿಂಗಳು ಇದೇ ಸಾಲಿನಲ್ಲಿ ನಲವತ್ತೊಂದರ ಶಿವಕುಮಾರಿ ನಿಂತಿದ್ದರು. ಮಗಳ ಮದುವೆಗೆ ಆರೇ ದಿನ. ಮುಟ್ಟಾದರೆ ಮಂಟಪ ಹತ್ತುವಂತಿಲ್ಲ. ಸೆರಗಿನ ಗಂಟಿನಲ್ಲಿ ಗುಳಿಗೆಯ ಪಟ್ಟಿ.

"ತಲಿ ನೋಯ್ತದೇನು?"

"ಮದುವಿ ಮನಿಯಾಗ ಯಾರಿಗೆ ನೋಯಂಗಿಲ್ಲಕ್ಕಾ?"

"ತಂಬಾಕು?"

"ಛೀ! ನಾ ಅಂಥಾಕಿ ಅಲ್ಲ."

"ಬಾಯಿ ತೆರಿ."

ಟಾರ್ಚಿನ ಬೆಳಕಿಗೆ ಒಸಡಿನ ಅಂಚು ಕಪ್ಪಗೆ ಕಂಡಿತು. ದಾನೇಶ್ವರಿ ಗುಳಿಗೆ ಕಿತ್ತುಕೊಂಡು ಆಕೆಯನ್ನು ಎಳೆದೊಯ್ದದ್ದು ದವಾಖಾನೆಗೆ. ರಕ್ತದೊತ್ತಡ ನೂರ ಎಪ್ಪತ್ತೆಂಟು! ಈ ಗುಳಿಗೆ ಮುಟ್ಟಲೇಬೇಡಿ ಎಂದರು ವೈದ್ಯರು. ಒತ್ತಡ ಇಳಿಸಲು ಬೇರೆ ಔಷಧ ಬರೆದರು.

"ನನ್ನ ಮಗಳ ತಲಿಮ್ಯಾಲ ಅಕ್ಕಿಕಾಳು ಹಾಕೋದು ನೀ ಕಸ್ಗೊಂಡಿ," ಎಂದು ಶಿವಕುಮಾರಿ ಅತ್ತರು. ಮದುವೆಗೆ ಎರಡು ದಿನವಿರುವಾಗ ಮುಟ್ಟೂ ಆಯಿತು. ದಾನೇಶ್ವರಿ ಅದೇ ಸಂಜೆ ಹೋಗಿ ಕುಳಿತದ್ದು ಆಕೆಯ ಅತ್ತೆ ಲಕ್ಷ್ಮವ್ವನ ಮುಂದೆ.

"ಆ ಗುಳಿಗಿ ನುಂಗಿದ್ರ ಲಕ್ವಾ ಹೊಡೀತಿತ್ತೋ ಏನೋ. ಜೀವ ಇದ್ರ ಮಡಿ, ಲಕ್ಷ್ಮವ್ವಾ. ಹೆಣಕ್ಕ ಎಂಥಾ ಮಡಿ?"

ಮುದುಕಿ ಕೈಯಲ್ಲಿದ್ದ ವೀಳ್ಯದೆಲೆಯ ನಾರು ತೆಗೆದು ಬದಿಗಿಟ್ಟರು. ಆಮೇಲೆ ಒಂದೇ ಮಾತು: "ತಲಿಮ್ಯಾಲ ನೀರು ಹಾಕ್ಕೊಂಡು ಕುಂಡ್ರಲಿ. ಯಾರರ ಕೇಳಿದ್ರ ನನ್ನ ಕೇಳಂತ ಹೇಳು."

ಶಿವಕುಮಾರಿ ಮಂಟಪದಲ್ಲಿ ಕುಳಿತರು. ಇಂದು ಅವರು ಇದೇ ಸಾಲಿನಲ್ಲಿ, ಹಬ್ಬಕ್ಕೆ ಗುಳಿಗೆ ಹುಡುಕುತ್ತಿರುವ ಹೊಸ ಸೊಸೆಯೊಬ್ಬಳನ್ನು ಮುಂದಕ್ಕೆ ತಳ್ಳುತ್ತಿದ್ದಾರೆ: "ಮೊದ್ಲ ಅಕ್ಕಗ ಹಲ್ಲು ತೋರ್ಸು. ದೇವ್ರು ಸುಮ್ಮನಿರ್ತಾನ, ಈಕಿ ಇರಂಗಿಲ್ಲ!"

ಸಾಲು ನಗುತ್ತದೆ. ನಿಮಗೇನು ಬೇಕು ಎಂದು ಕೇಳಿದರೆ ದಾನೇಶ್ವರಿ ಸಂಡಾಸಿನ ಕತ್ತಲ ಗೋಡೆಯತ್ತ ಬೆರಳು ತೋರುತ್ತಾರೆ.

"ಇಲ್ಲೊಂದು ಬಲ್ಬ್ ಹಾಕಿಸ್ರಿ. ಹಲ್ಲು ನೆಟ್ಟಗ ಕಾಣವಲ್ವು."