ಶ್ರೇಣಿಕ ಮೇಯಿಸಿದ ಕುರಿ

ಶ್ರೇಣಿಕ ತೀರಿಕೊಂಡು ತಿಂಗಳಾಯಿತು. ಕಾಮಾಲೆ ಅವನನ್ನು ಬೇಗ ಮುಗಿಸಿತು. ಶೋಕಸಭೆಯಲ್ಲಿ ಅವನ ಹಳೆಯ ಮಾಲೀಕ ದಾದಾಸಾಹೇಬ ಆಡಿದ ಮಾತು ಕೇಳಿದ ಮೇಲೆ ಇದನ್ನು ಹೇಳದೆ ಇರಲಾರೆ.

ಶ್ರೇಣಿಕ ದಾನೋಳಿಯ ಜೈನ ರೈತರ ಮನೆಯವನು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಗೋಕುಳ ಶಿರಗಾಂವದ ಕಾರ್ಖಾನೆಯಲ್ಲಿ ಲೋಹಕ್ಕೆ ಪಾಲಿಶ್ ಹಾಕುತ್ತಲೇ ಅವನ ತಲೆ ನರೆಯಿತು. ಕತ್ತಲಾದ ಮೇಲೆ ಉಣ್ಣುವವನಲ್ಲ. ಎರಡನೇ ಪಾಳಿ ಇದ್ದಾಗ ಹೊತ್ತು ಮುಳುಗುವ ಮೊದಲೇ ಲೇಥ್ ಹಿಂದೆ ನಿಂತು ಬುತ್ತಿ ಮುಗಿಸುತ್ತಿದ್ದ. ಜೊತೆಯವರು ನಗುತ್ತಿದ್ದರು, ಅವನೂ ನಗುತ್ತಿದ್ದ.

ದಾದಾಸಾಹೇಬನ ಆ ಕಾರ್ಖಾನೆಗೆ ಹೃದಯದ ಪಂಪು ಮಾಡಿಕೊಡುವ ಕೆಲಸ ಸಿಕ್ಕಿತು. ಸೋತ ಹೃದಯದ ಪಕ್ಕ, ಎದೆಯೊಳಗೇ ಕೂರಿಸುವ ಪುಟ್ಟ ಪಂಪು. ಒಳಮೈ ಚೂರು ತರಕಲಾದರೂ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಅದನ್ನು ಕನ್ನಡಿಯಂತೆ ನಯಗೊಳಿಸುವುದು ಶ್ರೇಣಿಕನ ಪಾಲಿಗೆ ಬಂತು. ರಕ್ತಕ್ಕೆ ಒಗ್ಗುತ್ತದೋ ಎಂದು ಮೊದಲು ಕುರಿಗಳಿಗೆ ಹಾಕಿ ನೋಡುತ್ತಾರೆಂದು ತಿಳಿದದ್ದೇ ಅವನು ಕೈ ಹಿಂದೆಗೆದ.

“ಆಮ್ಯಾಲೆ ಆ ಕುರೀದೇನು, ದಾದಾ?”

“ಪಂಪ ತಗದು, ಹೊಲದು, ಪಾಂಜರಪೋಳಕ್ಕ ಕಳಸ್ತಾರ. ನಾನೂ ಬಸದಿಗೆ ಹೋಗಾಂವನ ಅದೇನಿ.”

ಕುರಿ ಬದುಕುವುದಾದರೆ ಮಾಡುತ್ತೇನೆ ಎಂದು ಶ್ರೇಣಿಕ ಒಪ್ಪಿದ. ಕೆಲವು ತಿಂಗಳಿಗೆ, ಮುದಿ ದನಗಳನ್ನು ಸಾಕುವ ಶಿರೋಳ ದಾರಿಯ ಪಾಂಜರಪೋಳಕ್ಕೆ ಕೊರಳಲ್ಲಿ ಹಾರ ಹಾಕಿಕೊಂಡ ಕರಿ ಕುರಿಯೊಂದು ಟೆಂಪೊದಲ್ಲಿ ಬಂತು. ಪಂಪು ಹೊತ್ತಿದ್ದ ಕುರಿ ಇದೇ ಎಂದು ದಾದಾಸಾಹೇಬ ಶ್ರೇಣಿಕನನ್ನೂ ನಿಲ್ಲಿಸಿ ಫೋಟೊ ತೆಗೆಸಿದ. ಅಂದಿನಿಂದ ಶ್ರೇಣಿಕ ರವಿವಾರ ತಪ್ಪಿಸಲಿಲ್ಲ. ಮೇವು ಹೊತ್ತು ಹೋಗುವನು, ಅದರ ಮೈದಡವುತ್ತ ಕೂರುವನು. ಒಮ್ಮೊಮ್ಮೆ ನಾನೂ ಜೊತೆಗೆ.

“ರತ್ನಮಾಲಾ ವೈನಿಗಿಂತ ಇದರ ಸೇವಾನ ಜಾಸ್ತಿ ಆತಲ್ಲೋ,” ಎಂದೆ ಒಂದು ಸಲ, ಅವನ ಹೆಂಡತಿಯ ಹೆಸರೆತ್ತಿ.

“ಇದು ತಿರುಗಿ ಮಾತಾಡಂಗಿಲ್ಲ, ದೋಸ್ತ.”

ಉಣ್ಣೆ ಬೆಳೆದು ಜೋತುಬಿದ್ದಾಗ ಕತ್ತರಿಸಲು ಕುರುಬರ ಕಾಡಸಿದ್ದನನ್ನು ಕರೆಸಿದರು. “ಎಡಪಕ್ಕಿ ಸಾವಕಾಶ. ಅಲ್ಲಿ ಹೊಲಗಿ ಐತಿ,” ಎಂದ ಶ್ರೇಣಿಕ.

ಉಣ್ಣೆ ಕಳಚಿತು. ಎಡಗಡೆ ನುಣ್ಣನೆಯ ಚರ್ಮ. ಬಲಗಡೆಯೂ ಹಾಗೇ.

“ಯಾವ ಹೊಲಗಿ? ಇದರ ಮೈಗೆ ಬ್ಲೇಡ ಮುಟ್ಟೇ ಇಲ್ಲ, ಅಣ್ಣಾ,” ಎಂದ ಕಾಡಸಿದ್ದ.

ಶ್ರೇಣಿಕ ಎರಡೂ ಪಕ್ಕೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಮೇವಿನ ಹೊರೆ ಬಿಚ್ಚದೆ ಅಲ್ಲೇ ಬಿಟ್ಟು ಎದ್ದ.

ಅಲ್ಲಿಂದ ನೇರ ದಾದಾಸಾಹೇಬನ ಮನೆಗೆ ಹೋದೆವು. ಅವನು ಅವಲಕ್ಕಿ ತಿನ್ನುತ್ತಿದ್ದ.

“ಆ ಕುರಿ ಬ್ಯಾರೆ ಐತ್ರಿ,” ಎಂದ ಶ್ರೇಣಿಕ.

“ಬಾಜಾರದ್ದು.” ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಪಂಪಿನಾಗ, ಮೂತ್ರಪಿಂಡದಾಗ ರಕ್ತ ಹೆಪ್ಪುಗಟ್ಟೇತೇನು ನೋಡಬೇಕಂದ್ರ ಕೊಯ್ಯಬೇಕಾಗತೈತಿ. ಕೊಯ್ದದ್ದು ಬದುಕತೈತೇನೋ? ಖರೆ ಹೇಳಿದ್ರ ನೀ ಪಾಲಿಶ್ ಮಾಡ್ತಿದ್ದೇನು?”

“ಇಲ್ರಿ.”

“ಮತ್ತ? ಒಂದರ ಉಳದೈತಲ್ಲ. ಪುಣ್ಯ ನಿನಗ. ಚಹಾ ತಗೋ.”

“ಎಷ್ಟು ಕೊಯ್ದಾರ?”

“ಯಾಂವ ಎಣಿಸ್ಯಾನ?”

ಚಹಾ ಹಾಗೇ ಉಳಿಯಿತು. ಶ್ರೇಣಿಕ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ತಿಕ್ಕುವ ಕೆಲಸ ಹಿಡಿದ. ಪಾಂಜರಪೋಳಕ್ಕೆ ಮೇವು ಒಯ್ಯುವುದನ್ನು ಬಿಡಲಿಲ್ಲ, ಆದರೆ ಗೇಟಿನಲ್ಲಿಟ್ಟು ಮರಳುತ್ತಿದ್ದ. ಆ ಕುರಿಯ ಮೈ ಮುಟ್ಟಲು ಅವನಿಗಾಗುತ್ತಿರಲಿಲ್ಲ.

ಆ ಪಂಪಿನಿಂದ ನಾಳೆ ಯಾರದೋ ಜೀವ ಉಳಿಯಬಹುದು. ನನ್ನ ಹೃದಯ ಸೋತರೆ ನಾನೇ ಬೇಡವೆನ್ನಲಾರೆನೇನೋ. ಕೊಂದೆವು ಎಂದು ಹೇಳಿ ಕೊಂದಿದ್ದರೆ ಅದರ ಸರಿತಪ್ಪು ವಾದಿಸಬಹುದಿತ್ತು. ಕೊಂದ ಕೈಯಿಂದಲೇ ಇನ್ನೊಂದಕ್ಕೆ ಹಾರ ಹಾಕಿ, ಮುಗ್ಧನೊಬ್ಬನ ಕೈಯಲ್ಲಿ ಮೇವು ಕೊಟ್ಟು ಕೂರಿಸಿದರಲ್ಲ, ಅದು ಹೇಸಿಗೆ.

ಶೋಕಸಭೆಗೆ ದಾದಾಸಾಹೇಬ ಆ ಫೋಟೊವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದು ಗೋಡೆಗೆ ತೂಗುಹಾಕಿದ್ದ. ಕುರಿ, ಶ್ರೇಣಿಕ, ನಡುವೆ ನಗುತ್ತಿರುವ ತಾನು. ಕೆಳಗೆ ‘ಜೀವದಯೆ’ ಎಂದು ಬರೆಸಿದ್ದ. “ನಮ್ಮ ಶ್ರೇಣಿಕ ಒಂದು ಜೀವ ಉಳಿಸ್ಯಾನ,” ಎಂದು ಕಣ್ಣೊರೆಸಿಕೊಂಡ. ಕೆಲವರು ತಲೆದೂಗಿದರು.

ರತ್ನಮಾಲಾ ಎದ್ದು ಫೋಟೊವನ್ನು ಗೋಡೆಯಿಂದ ಇಳಿಸಿ ಅವನ ಕೈಗೆ ಕೊಟ್ಟಳು.

“ಒಯ್ರಿ, ದಾದಾ. ಕೊಯ್ದ ಕುರೀದು ಇದ್ರ ತರ್ರಿ. ಅದನ್ನ ಹಚ್ಚತೇನಿ.”

ಅವನು ಫೋಟೊವನ್ನು ಬಗಲಲ್ಲಿಟ್ಟುಕೊಂಡು ಚಪ್ಪಲಿ ಹುಡುಕತೊಡಗಿದ. ಯಾರೂ ತೋರಿಸಲಿಲ್ಲ.